ಕಾರಿಗೆ ಮೈಕ್ರೋಫೈಬರ್ ಟವೆಲ್: ಆರಿಸುವುದು ಹೇಗೆ, ಒಗೆಯುವುದು ಹೇಗೆ

"ಕಾರು ತಗೊಂಡು ವರ್ಷ ತುಂಬಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆಲ್ಲ ಜೇಡರ ಬಲೆಯ ಹಾಗೆ ಗೀರು ಕಾಣ್ತದೆ. ಯಾವ ಕಂಪನಿಯ ಟವೆಲ್ ತಗೊಳ್ಳಲಿ?"

ಥಾಣೆ, ಮುಲುಂಡ್, ಡೊಂಬಿವಲಿ, ನವಿ ಮುಂಬಯಿ, ಎಲ್ಲ ಕಡೆಯ ಕನ್ನಡಿಗರೂ ಈ ಪ್ರಶ್ನೆಯನ್ನೇ ಕೇಳುತ್ತಾರೆ. ಒಂದು ಕಂಪನಿಯ ಹೆಸರು ಹೇಳಿ ಕಳಿಸಿದರೆ ಅವರಿಗೆ ಸಮಾಧಾನ, ಆದರೆ ಗೀರು ನಿಲ್ಲುವುದಿಲ್ಲ. ಬಹುಪಾಲು ಗೀರಿಗೆ ಕಾರಣ ಹೋದ ವಾರದ ಒರೆಸುವಿಕೆಯಲ್ಲಿ ಬಟ್ಟೆಯೊಳಗೆ ಸೇರಿ ಅಲ್ಲೇ ಉಳಿದ ಮರಳು. ದುಬಾರಿ ಟವೆಲನ್ನು ಕೆಟ್ಟದಾಗಿ ಒಗೆಯುವವರಿಗಿಂತ ಸಾಧಾರಣ ಟವೆಲನ್ನು ಚೆನ್ನಾಗಿ ಒಗೆದು ಬೇರೆಬೇರೆಯಾಗಿ ಇಡುವವರ ಕಾರು ಹೆಚ್ಚು ಕಾಲ ಹೊಳೆಯುತ್ತದೆ. ಹಾಗಾಗಿ ಇಲ್ಲಿ ಕೊಳ್ಳುವ ಮಾತು ಸ್ವಲ್ಪ, ಒಗೆಯುವ ಮಾತು ಜಾಸ್ತಿ.

ಈ ಬಟ್ಟೆ ಏನು, ಯಾಕೆ ಬೇಕು

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹೊಳಪು ಬರುವುದು ಅದರಿಂದ. ಸಾಮಾನ್ಯವಾಗಿ ಅದರ ದಪ್ಪ 40–50 ಮೈಕ್ರಾನ್, ಅಂದರೆ ತಲೆಕೂದಲಿಗಿಂತಲೂ ತೆಳು. ಮರಳಿನಲ್ಲಿರುವ ಸ್ಫಟಿಕ ಶಿಲೆಯ ಗಡಸುತನ, ಹತ್ತರ ತನಕ ಅಳೆಯುವ ಮೋಸ್ ಮಾಪಕದಲ್ಲಿ, 7. ಕ್ಲಿಯರ್ ಕೋಟ್ ಅದರ ಮುಂದೆ ಬಹಳ ಮೆತ್ತಗಿನದು. ಒಂದು ಮರಳ ಕಣವನ್ನು ಬೆರಳಡಿ ಒತ್ತಿ ಎಳೆದರೆ ಸಾಕು, ಗೀರು ಬಿತ್ತು.

ಹಳೇ ಬನಿಯನ್ನಿನಲ್ಲಿ ಒರೆಸಿದರೆ ಏನಾಗುತ್ತದೆ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಬನಿಯನ್ ಬಟ್ಟೆ ಚಪ್ಪಟೆ. ಕಣಕ್ಕೆ ಅಡಗಲು ಜಾಗವಿಲ್ಲ, ಅದು ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉಜ್ಜಿಕೊಂಡೇ ಹೋಗುತ್ತದೆ. ಮೈಕ್ರೋಫೈಬರ್‌ನಲ್ಲಿ ಮೇಲಕ್ಕೆದ್ದ ನೂಲು ದಟ್ಟವಾಗಿರುವುದರಿಂದ ಕಣ ಅದರ ಬುಡಕ್ಕೆ ಇಳಿದು ಬಣ್ಣದಿಂದ ದೂರ ಉಳಿಯುತ್ತದೆ. ಹೀಗೆ ಎದ್ದು ನಿಂತ ನೂಲಿನ ಹಾಸಿಗೆ ಪೈಲ್ ಎಂದು ಹೆಸರು.

9,000 ಮೀಟರ್ ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ಅದಕ್ಕಿಂತ ಸಣ್ಣ ಎಳೆಯೇ ಮೈಕ್ರೋಫೈಬರ್. 1970ರಲ್ಲಿ ಜಪಾನಿನ ಟೋರೇ ಕಂಪನಿಯಲ್ಲಿ ಮಿಯೋಶಿ ಒಕಾಮೊಟೊ ಇಂಥ ಅತಿಸಣ್ಣ ಎಳೆಯಿಂದ ಕೃತಕ ಸ್ವೀಡ್, ಅಂದರೆ ಮೆತ್ತನೆ ಚರ್ಮದಂಥ ಬಟ್ಟೆ, ಮಾಡಿದರು; ಒರೆಸುವ ಬಟ್ಟೆಯಾಗಿ ಬಂದದ್ದು ಆಮೇಲೆ. ಇವತ್ತಿನ ಟವೆಲಿನಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದರೆ ನೈಲಾನ್, ಎರಡೂ ಕೂಡಿರುತ್ತವೆ. ಕಾರ್ಖಾನೆಯಲ್ಲಿ ಈ ಜೋಡಿ ಎಳೆಯನ್ನು ಸೀಳುತ್ತಾರೆ. ಸೀಳಿದಾಗ ಒಂದೊಂದು ಎಳೆಯೂ ಹಲವು ತುಂಡಾಗಿ, ಚೂಪು ಅಂಚಿನ ಸಂದುಗಳು ಹುಟ್ಟುತ್ತವೆ. ಪಾಲಿಯೆಸ್ಟರ್ ತಾನಾಗಿ ನೀರು ಕುಡಿಯುವುದೇ ಇಲ್ಲ ಎನ್ನಬಹುದು. ನೀರನ್ನು ಎಳೆದು ಹಿಡಿಯುವುದು ಈ ಸಂದುಗಳು. ಇದನ್ನು ನೆನಪಿಡಿ, ಒಗೆಯುವಾಗ ಯಾವುದನ್ನು ಯಾಕೆ ಹಾಕಬಾರದು ಎಂಬುದೆಲ್ಲ ಇದರಿಂದಲೇ ಹೊರಡುತ್ತದೆ.

ಬೇಕಾಗುವ ಸಾಮಾನು

ಟವೆಲುಗಳು, ಎರಡು ಬಾಲ್ದಿ, ಕಾರು ತೊಳೆಯುವ ಶಾಂಪೂ, ಬಟ್ಟೆ ಒಗೆಯುವ ಲಿಕ್ವಿಡ್, ಅಡುಗೆಮನೆಯ ಚಿಕ್ಕ ತೂಕದ ಯಂತ್ರ, ಕತ್ತರಿ, ಮುಚ್ಚಳವಿರುವ ಮೂರು ಡಬ್ಬ. ತೂಕದ ಯಂತ್ರ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹಂತ 1: ಮೊದಲು ಕೆಲಸ ಹಂಚಿ, ಆಮೇಲೆ ಅಂಗಡಿಗೆ ಹೋಗಿ

"ಒಳ್ಳೆಯದು ಒಂದು ಕೊಡಿ" ಎಂದು ಕೇಳುವುದೇ ಮೊದಲ ತಪ್ಪು. ಬಣ್ಣಕ್ಕೆ ಒಳ್ಳೆಯದು ಗಾಜಿಗೆ ಒಳ್ಳೆಯದಲ್ಲ; ಗಾಲಿ ಒರೆಸಿದ್ದು ಇನ್ನು ಯಾವುದಕ್ಕೂ ಒಳ್ಳೆಯದಲ್ಲ. ಮನೆಯಲ್ಲೇ ಕಾರು ನೋಡಿಕೊಳ್ಳುವವರಿಗೆ ಶುರುವಿಗೆ ಇಷ್ಟು ಸಾಕು:

– ತೊಳೆದ ಮೇಲೆ ನೀರು ತೆಗೆಯಲು ದೊಡ್ಡದು ಒಂದು. ಸೆಡಾನ್ ಅಥವಾ ಎಸ್‌ಯುವಿ ಆದರೆ ಎರಡು.
– ಕಾರಿನ ಬಣ್ಣಕ್ಕೆ, ಹಚ್ಚಿದ ವ್ಯಾಕ್ಸ್ ಅಥವಾ ಪಾಲಿಶ್ ಒರೆಸಿ ತೆಗೆಯಲು 40×40 ಸೆಂ.ಮೀ. ಅಳತೆಯದ್ದು ಆರು.
– ಗಾಜಿಗೆ ಎರಡು.
– ಒಳಗಿನ ಡ್ಯಾಶ್‌ಬೋರ್ಡ್, ಬಾಗಿಲ ಒಳಮೈಗೆ ಎರಡು.
– ಗಾಲಿ, ಬಾಗಿಲ ಸಂದು, ಸೈಲೆನ್ಸರ್ ತುದಿಗೆ ತೀರಾ ಅಗ್ಗದ್ದು ನಾಲ್ಕು.

ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ ಇಟ್ಟುಕೊಳ್ಳಿ. ಗಾಲಿಗೆ ಕಪ್ಪು, ಗಾಜಿಗೆ ಹಳದಿ, ಹೀಗೆ ನಿಮಗೆ ತೋಚಿದಂತೆ. ಕಾರಿನ ಮೈಗೆ ಮಾತ್ರ ತಿಳಿ ಬಣ್ಣದ್ದೇ ಇರಲಿ, ಎಷ್ಟು ಕೊಳೆ ಹಿಡಿದಿದೆ ಎಂದು ಕಣ್ಣಿಗೆ ಕಾಣಬೇಕು. ಈ ಹಂಚಿಕೆ ಮನೆಯವರಿಗೂ ಕೆಲಸದವಳಿಗೂ ಗೊತ್ತಿರಲಿ. ಇಲ್ಲದಿದ್ದರೆ ನಿಮ್ಮ ಬಾನೆಟ್ ಟವೆಲ್ ಒಂದು ದಿನ ಗ್ಯಾಸ್ ಒಲೆ ಒರೆಸಿ ವಾಪಸ್ ಬರುತ್ತದೆ, ಆಮೇಲೆ ಯಾರನ್ನು ಬೈದೂ ಪ್ರಯೋಜನವಿಲ್ಲ.

ಹಂತ 2: ಲೇಬಲ್ ಓದುವುದು

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಗಾಜಿಗೆ, ಒಳಭಾಗಕ್ಕೆ 200ರಿಂದ 300 ಸಾಕು. ಸಾಮಾನ್ಯ ಕೆಲಸಕ್ಕೆ 300–400. ವ್ಯಾಕ್ಸ್ ತೆಗೆಯಲು, ಕೊನೆಯ ಹೊಳಪಿಗೆ 400–500. ನೀರು ಹೀರಲು 600ರಿಂದ ಮೇಲಕ್ಕೆ. ಹೆಚ್ಚು ಜಿಎಸ್‌ಎಂ ಎಂದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಹಿಡಿದು 1,200ರದ್ದನ್ನೇ ಎಲ್ಲಕ್ಕೂ ತಂದವರು ಇದ್ದಾರೆ. ಅದರಲ್ಲಿ ಗಾಜು ಒರೆಸಿದರೆ ಗೆರೆ ಉಳಿಯುತ್ತದೆ, ಹಿಂಡಲು ಕೈ ಸೋಲುತ್ತದೆ, ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕು.

80/20, 70/30 ಎಂದು ಬರೆದಿರುವುದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್‌ಗಳ ಪಾಲು. ನೈಲಾನ್ ಪಾಲು ಹೆಚ್ಚಿದ್ದರೆ ಸ್ವಲ್ಪ ಮೆದು, ಬೆಲೆಯೂ ಹೆಚ್ಚು. 80/20 ಇದ್ದರೆ ಯಾವ ತೊಂದರೆಯೂ ಇಲ್ಲ. ನೂರಕ್ಕೆ ನೂರು ಪಾಲಿಯೆಸ್ಟರ್ ಎಂದಿದ್ದರೆ ಅದನ್ನು ಗಾಲಿಗೆ ಬಿಡಿ.

ನೇಯ್ಗೆಯಲ್ಲಿ ಇರುವ ಬಗೆ ಬಹಳ, ನಿಮಗೆ ಬೇಕಾದದ್ದು ಮೂರು. ಕತ್ತರಿಸಿದ ಉದ್ದ ನೂಲಿನ ಪ್ಲಶ್ ಬಣ್ಣಕ್ಕೆ. ಚೌಕುಳಿ ಗುಳಿಗಳಿರುವ ವಾಫಲ್ ಗಾಜಿಗೆ. ಹುರಿ ಮಾಡಿದ ಕುಣಿಕೆಗಳಿರುವ ಟ್ವಿಸ್ಟ್ ಲೂಪ್ ನೀರು ಹೀರಲು. ಟ್ವಿಸ್ಟ್ ಲೂಪ್ ನೀರು ಕುಡಿಯುವುದನ್ನು ನೋಡಿದರೆ ಬೇರೆ ಯಾವುದೂ ಬೇಡ ಅನ್ನಿಸುತ್ತದೆ, ಆದರೆ ಅದರಲ್ಲಿ ವ್ಯಾಕ್ಸ್ ತೆಗೆಯಲು ಹೋಗಬೇಡಿ.

ಅಂಚನ್ನು ಮುಟ್ಟಿ ನೋಡಿ. ಬಿರುಸು ದಾರದಲ್ಲಿ ಓವರ್‌ಲಾಕ್ ಹೊಲಿಗೆ ಹಾಕಿದ್ದರೆ ಅದು ಬಣ್ಣದ ಮೇಲೆ ಎಳೆಯುವಾಗ ಗೀರುತ್ತದೆ. ಹೊಲಿಗೆಯೇ ಇಲ್ಲದೆ ಶಬ್ದತರಂಗದಿಂದ ಕತ್ತರಿಸಿದ ಅಂಚು, ಇಲ್ಲವೇ ಮೆದು ಪಟ್ಟಿ ಕಟ್ಟಿದ ಅಂಚು ಆರಿಸಿ.

ಹಂತ 3: ಸುಳ್ಳು ಹಿಡಿಯುವುದು

ಕಲಿನಾ–ಕುರ್ಲಾದ ಸಿಎಸ್‌ಟಿ ರೋಡಿನ ಕಾರ್ ಅಕ್ಸೆಸರಿ ಅಂಗಡಿಗಳಿಗೆ ಹೋದರೆ ಟವೆಲ್ ರಾಶಿ ಬಿದ್ದಿರುತ್ತದೆ. ಆನ್‌ಲೈನ್‌ನಲ್ಲಿ ಇನ್ನೂ ದೊಡ್ಡ ರಾಶಿ. ಎರಡು ಕಡೆಯೂ ಜಿಎಸ್‌ಎಂ ಅಂಕಿಯನ್ನು ಬಾಯಿಗೆ ಬಂದಂತೆ ಹೇಳುತ್ತಾರೆ. ಮನೆಗೆ ತಂದು ತೂಗಿ.

40×40 ಸೆಂ.ಮೀ. ಟವೆಲ್ ಎಂದರೆ 0.16 ಚದರ ಮೀಟರ್. ತೂಕವನ್ನು 6.25ರಿಂದ ಗುಣಿಸಿದರೆ ಜಿಎಸ್‌ಎಂ ಸಿಕ್ಕಿತು. 56 ಗ್ರಾಂ ಬಂದರೆ 350. ಅಂಗಡಿಯವನು 500 ಎಂದಿದ್ದರೆ 80 ಗ್ರಾಂ ತೂಗಬೇಕಿತ್ತು. 40×60ರ ಒಣಗಿಸುವ ಟವೆಲ್ 800 ಜಿಎಸ್‌ಎಂ ಆಗಿದ್ದರೆ ಸುಮಾರು 190 ಗ್ರಾಂ ಇರಬೇಕು. ಅಳತೆಯನ್ನೂ ಟೇಪಿನಲ್ಲಿ ನೋಡಿ. 40 ಎಂದು ಬರೆದು 36 ಕೊಡುವುದುಂಟು. ಅಂಚಿನ ಪಟ್ಟಿಯ ತೂಕ ಸೇರಿ ಲೆಕ್ಕ ನಾಲ್ಕಾರು ಗ್ರಾಂ ಆಚೆಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಎರಡನೆಯದು ಕೈ ಪರೀಕ್ಷೆ. ಒಣ ಅಂಗೈ ಮೇಲೆ ಎಳೆದರೆ ಸೀಳಿದ ಎಳೆ ಚರ್ಮಕ್ಕೆ ಸಣ್ಣಗೆ ಕಚ್ಚಿಕೊಳ್ಳುತ್ತದೆ. ಪಾತ್ರೆ ತಿಕ್ಕಿ ಒರಟಾದ ಕೈಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಏನೂ ಕಚ್ಚದೆ ಜಾರಿಹೋದರೆ ಅನುಮಾನಿಸಿ.

ಮೂರನೆಯದು ನೀರು. ಗ್ರಾನೈಟ್ ಕಟ್ಟೆಯ ಮೇಲೆ ಎರಡು ಚಮಚ ನೀರು ಚೆಲ್ಲಿ, ಒಮ್ಮೆ ತೊಳೆದು ಒಣಗಿಸಿದ ಟವೆಲನ್ನು ಒತ್ತದೆ ಎಳೆಯಿರಿ. ಒಳ್ಳೆಯದಾದರೆ ನೀರು ಮಾಯ. ಸೀಳದ ಎಳೆಯದಾದರೆ ನೀರನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಹೊಸ ಟವೆಲಿಗೆ ಕಾರ್ಖಾನೆಯ ಲೇಪ ಇರಬಹುದು, ಆದ್ದರಿಂದ ತೊಳೆಯುವ ಮೊದಲೇ ಈ ಪರೀಕ್ಷೆ ಮಾಡಿ ಕೆಟ್ಟದೆಂದು ಎಸೆಯಬೇಡಿ.

ಸಿಡಿಯ ಮೇಲೆ ಉಜ್ಜಿ ಗೀರು ನೋಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಸಿಡಿಯ ಪ್ಲಾಸ್ಟಿಕ್ ಬೇರೆ, ಕಾರಿನ ಕ್ಲಿಯರ್ ಕೋಟ್ ಬೇರೆ. ಅದರಿಂದ ನಿಮ್ಮ ಬಾನೆಟ್ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ಹಂತ 4: ಮೊದಲ ಒಗೆತ

ಹೊಸ ಟವೆಲನ್ನು ಪ್ಯಾಕೆಟ್‌ನಿಂದ ತೆಗೆದು ನೇರ ಕಾರಿಗೆ ತಾಗಿಸಬೇಡಿ. ಕತ್ತರಿಸಿದಾಗ ಉಳಿದ ನೂಲ ಪುಡಿ, ಹೆಚ್ಚಾದ ಬಣ್ಣ, ಗೋದಾಮಿನ ಧೂಳು ಎಲ್ಲ ಅದರಲ್ಲಿರುತ್ತದೆ. ಮೊದಲು ಲೇಬಲ್ ಪಟ್ಟಿಯನ್ನು ಬುಡಕ್ಕೆ ಕತ್ತರಿಸಿ ತೆಗೆಯಿರಿ, ಚೂಪು ಮೂಲೆ ಉಳಿಯಬಾರದು. ಕೆಂಪು, ಕಪ್ಪು, ಕಡುನೀಲಿ ಟವೆಲುಗಳನ್ನು ಬೇರೆಯಾಗಿ ನೆನೆಸಿ. ಮೊದಲ ಒಂದೆರಡು ಸಲ ಬಣ್ಣ ಬಿಡುತ್ತವೆ. ಉಳಿದದ್ದೆಲ್ಲ ಹಂತ 6ರಂತೆ.

ಹಂತ 5: ಕಾರಿನ ಮೇಲೆ

ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ ಇದು: ಒಣ ಧೂಳಿರುವ ಕಾರಿಗೆ ಒಣ ಟವೆಲ್ ತಾಗಿಸಬೇಡಿ. ಎಷ್ಟೇ ಮೆದುವಾಗಿರಲಿ. ಮುಂಬಯಿಯಲ್ಲಿ ಕಾರಿನ ಮೇಲೆ ಕೂರುವುದು ಬರೀ ಧೂಳಲ್ಲ. ಮೆಟ್ರೊ ಕಾಮಗಾರಿ, ಹಳೇ ಬಿಲ್ಡಿಂಗ್ ಕೆಡವುವ ಜಾಗ, ಎಲ್ಲೆಲ್ಲಿಂದಲೋ ಸಿಮೆಂಟ್ ಪುಡಿ ಬರುತ್ತದೆ. ವರ್ಳಿ, ಬಾಂದ್ರಾ ಕಡೆ ಸಮುದ್ರದ ಉಪ್ಪು ಕೂಡುತ್ತದೆ. ಉಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ, ಸಿಮೆಂಟ್ ಮತ್ತು ಮರಳು ಹೋಗುವುದಿಲ್ಲ. ಅದನ್ನು ಧಾರಾಳ ನೀರಿನಲ್ಲಿ ಇಳಿಸಿದ ಮೇಲೆಯೇ ಬಟ್ಟೆ ಮುಟ್ಟಬೇಕು. ಊರಿಗೆ ಹೋಗಿ ಬಂದ ಕಾರಿಗಂತೂ ಇದು ಇನ್ನೂ ಅಗತ್ಯ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪನ್ವೇಲ್‌ನಿಂದ ಕುಂದಾಪುರ, ಮಂಗಳೂರಿನ ತನಕ ಓಡಿದ ಕಾರಿನ ಕೆಳಭಾಗದಲ್ಲಿ ಜಂಬಿಟ್ಟಿಗೆಯ ಕೆಂಪು ಧೂಳು, ಬಂಪರ್ ಮೇಲೆ ಒಣಗಿದ ಹುಳುಗಳು. ಹುಳುವನ್ನು ಟವೆಲಿನಿಂದ ಕೆರೆಯಬೇಡಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿ ನೆನೆಸಿ, ಆಮೇಲೆ ತೊಳೆಯಿರಿ.

ಇನ್ನೊಂದು ಸಾಮಾನ್ಯ ತಪ್ಪು ಜೂನ್‌ನಿಂದ ಸೆಪ್ಟೆಂಬರ್ ತನಕ ನಡೆಯುತ್ತದೆ. ಮಳೆಯಲ್ಲಿ ನೆನೆದ ಕಾರು ಆಗಲೇ ತೊಳೆದಂತಿದೆ ಎಂದು ಟವೆಲಿನಲ್ಲಿ ಒರೆಸಿಬಿಡುವುದು. ಎದುರಿನ ಬಸ್ಸು ಎರಚಿದ ಕೆಸರು ಆ ಹನಿಗಳಲ್ಲೇ ಇದೆ. ಮಳೆಯ ಮೇಲೂ ಒಮ್ಮೆ ಶುದ್ಧ ನೀರು ಹಾಯಿಸಿಯೇ ಒರೆಸಿ.

ನೀರಿನ ತಾಪತ್ರಯ ಇರುವ ವಸತಿ ಸೊಸೈಟಿಗಳಲ್ಲಿ ಪೈಪ್ ಹಿಡಿಯಲು ಬಿಡುವುದಿಲ್ಲ. ಅಲ್ಲಿ ರಿನ್ಸ್‌ಲೆಸ್ ವಾಶ್ ಒಳ್ಳೆಯ ದಾರಿ. ಇದು ತೊಳೆದ ಮೇಲೆ ಮತ್ತೆ ನೀರು ಹಾಯಿಸುವ ಅಗತ್ಯವಿಲ್ಲದ ದ್ರಾವಣ. ಬಾಟಲಿಯಲ್ಲಿ ಬರೆದ ಪ್ರಮಾಣದಲ್ಲಿ ಒಂದು ಬಾಲ್ದಿ ನೀರಿಗೆ ಸ್ವಲ್ಪ ಬೆರೆಸಿದರೆ ಸಾಕು. ಅದರಲ್ಲಿ ಏಳೆಂಟು ಟವೆಲ್ ನೆನೆಹಾಕಿ. ಅದೇ ದ್ರಾವಣವನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ, ಒರೆಸುವ ಭಾಗಕ್ಕೆ ಮೊದಲು ಚೆನ್ನಾಗಿ ಸಿಂಪಡಿಸಿ ಒಂದು ನಿಮಿಷ ಬಿಡಿ. ಆಮೇಲೆ ಒಂದು ಟವೆಲ್ ತೆಗೆದು, ಮೇಲಿನಿಂದ ಕೆಳಕ್ಕೆ, ಒತ್ತದೆ. ಕೊಳೆಯಾದ ಟವೆಲನ್ನು ಮತ್ತೆ ಆ ಬಾಲ್ದಿಗೆ ಅದ್ದಬೇಡಿ, ಎರಡನೇ ಬಾಲ್ದಿಗೆ ಎಸೆಯಿರಿ. ಕೆಸರು ಗಟ್ಟಿಯಾಗಿ ಮೆತ್ತಿದ್ದರೆ ಈ ವಿಧಾನ ಬೇಡ, ಪೆಟ್ರೋಲ್ ಪಂಪ್ ಅಥವಾ ವಾಶಿಂಗ್ ಸೆಂಟರಿನಲ್ಲಿ ಬರೀ ಒತ್ತಡದ ನೀರು ಹೊಡೆಸಿಕೊಂಡು ಬನ್ನಿ. ಬಟ್ಟೆ ಹಾಕಬೇಡ ಎಂದು ಮೊದಲೇ ಹೇಳಿ.

ಮಡಿಸುವ ರೀತಿ ಸುಲಭ. 40×40 ಟವೆಲನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಿಸಿದರೆ ಅಂಗೈಯಗಲದ ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾದರೆ ಮಗುಚಿ ಮುಂದಿನದು. ಎಂಟೂ ಮುಗಿದರೆ ಆ ಟವೆಲಿನ ದಿನ ಮುಗಿಯಿತು. ಮುದ್ದೆ ಮಾಡಿ ಹಿಡಿದರೆ ಒತ್ತಡ ಬೆರಳ ತುದಿಗೆ ಬೀಳುತ್ತದೆ, ಗೆರೆ ಬೀಳುವುದೂ ಅಲ್ಲೇ.

ನೀರು ತೆಗೆಯುವಾಗ ದೊಡ್ಡ ಟವೆಲನ್ನು ಬಾನೆಟ್ ಮೇಲೆ ಹಾಸಿ, ಎರಡು ಮೂಲೆ ಹಿಡಿದು ನಿಧಾನ ನಿಮ್ಮ ಕಡೆಗೆ ಎಳೆದುಕೊಳ್ಳಿ. ಕಡ್ಡಿಯಂತೆ ಒಣಗಿದ ಟವೆಲ್ ಮೊದಲಿಗೆ ನೀರು ಹಿಡಿಯಲು ತಡಮಾಡುತ್ತದೆ, ಸ್ವಲ್ಪ ನೀರು ಸಿಂಪಡಿಸಿ ಹಸಿ ಮಾಡಿಕೊಂಡರೆ ಚುರುಕಾಗುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ತೊಳೆದಿದ್ದರೆ ಹನಿಗಳು ತಾವೇ ಒಣಗಲು ಬಿಡಬೇಡಿ, ಬಿಳಿ ಉಂಗುರ ಉಳಿದುಬಿಡುತ್ತದೆ. ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಕೆಲಸ ಶುರುಮಾಡಲೇಬೇಡಿ.

ಟವೆಲ್ ಕೈಜಾರಿ ನೆಲಕ್ಕೆ ಬಿತ್ತೇ? ಕೊಡವಿ ಮುಂದುವರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕೊಳೆ ಬಾಲ್ದಿಗೆ ಹಾಕಿ ಬೇರೆ ತೆಗೆದುಕೊಳ್ಳಿ. ಪಾರ್ಕಿಂಗ್ ನೆಲದ ಮರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೇ ಆ ಬಟ್ಟೆಯ ಗುಣ, ಕೊಡವಿದರೆ ಬಿಡುವಂಥದ್ದಲ್ಲ.

ಹಂತ 6: ಒಗೆಯುವುದು

ಟವೆಲ್ ಹಾಳಾಗುವುದು ಕಾರಿನ ಮೇಲೆ ಕಡಿಮೆ, ವಾಶಿಂಗ್ ಮಶೀನಿನಲ್ಲಿ ಹೆಚ್ಚು.

ಮೊದಲು ವಿಂಗಡಿಸಿ. ಬಣ್ಣ ಒರೆಸಿದ್ದು ಒಂದು ಗುಂಪು. ಗಾಜಿನದು ಒಂದು, ಏಕೆಂದರೆ ವ್ಯಾಕ್ಸ್ ಟವೆಲಿನ ಜಿಡ್ಡು ಅದಕ್ಕೆ ತಾಗಿದರೆ ಮುಂದಿನ ಸಲ ಗಾಜಿನ ಮೇಲೆ ಮಂಜು ಕೂರುತ್ತದೆ. ಗಾಲಿಯದು ಮೂರನೆಯದು, ಅದು ಯಾವುದರ ಜೊತೆಗೂ ಸೇರಬಾರದು. ಬ್ರೇಕ್ ಪ್ಯಾಡ್ ಸವೆದು ಬರುವ ಪುಡಿಯಲ್ಲಿ ಕಬ್ಬಿಣದ ಚೂರಿರುತ್ತದೆ. ಅದು ಒಂದು ಟವೆಲಿನಿಂದ ಇನ್ನೊಂದಕ್ಕೆ ದಾಟಿದರೆ ನಿಮ್ಮ ವಿಂಗಡಣೆಯೆಲ್ಲ ವ್ಯರ್ಥ.

ಮನೆಯ ಬಟ್ಟೆಯ ಜೊತೆ ಹಾಕಬೇಡಿ. ಸ್ನಾನದ ಟವೆಲ್, ಪಂಚೆ, ಬೆಡ್‌ಶೀಟು, ಎಲ್ಲ ಹತ್ತಿಯೂ ನಾರು ಬಿಡುತ್ತದೆ. ಮೈಕ್ರೋಫೈಬರ್ ಅದನ್ನು ಹೆಕ್ಕಿ ಹಿಡಿದುಕೊಂಡರೆ ಮತ್ತೆ ಬಿಡಿಸುವುದು ಕಷ್ಟ. ಮಶೀನಿನ ನಾರು ಜಾಲಿಯನ್ನು ಖಾಲಿ ಮಾಡಿ, ಹಿಂದೆ ಕಂಡೀಷನರ್ ಹಾಕಿದ್ದರೆ ಒಮ್ಮೆ ಬರೀ ನೀರಿನಲ್ಲಿ ಓಡಿಸಿ.

ಆಮೇಲೆ ನೆನೆಸಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಲಿಕ್ವಿಡ್, ಅರ್ಧ ಗಂಟೆ. ವ್ಯಾಕ್ಸ್, ಪಾಲಿಶ್ ಹತ್ತಿದ್ದರೆ ಆ ಜಾಗಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಬೆರಳಲ್ಲೇ ತಿಕ್ಕಿ, ಬ್ರಶ್ ಬೇಡ. ಪಾಲಿಶ್ ಒಣಗಿ ಗಟ್ಟಿಯಾದ ಮೇಲೆ ಹೋಗುವುದು ಕಷ್ಟ, ಆದ್ದರಿಂದ ಕೆಲಸ ಮುಗಿದ ಕೂಡಲೇ ನೆನೆಹಾಕುವ ಅಭ್ಯಾಸ ಇರಲಿ. ಬಾಲ್ದಿಯ ತಳದಲ್ಲಿ ಕೂತ ಮಣ್ಣನ್ನು ಒಮ್ಮೆ ನೋಡಿ. ನೆನೆಸದೆ ಮಶೀನಿಗೆ ಹಾಕಿದ್ದರೆ ಅದೆಲ್ಲ ಡ್ರಮ್ಮಿನೊಳಗೆ ಟವೆಲಿನಿಂದ ಟವೆಲಿಗೆ ತಿರುಗುತ್ತಿತ್ತು.

ಮಶೀನಿನಲ್ಲಿ ಸಿಂಥೆಟಿಕ್ ಅಥವಾ ಡೆಲಿಕೇಟ್ ಪ್ರೋಗ್ರಾಂ, ನೀರು 40 ಡಿಗ್ರಿ ಮೀರದಂತೆ, ಡ್ರಮ್ ಅರ್ಧ ಮಾತ್ರ ತುಂಬಿ. ಲಿಕ್ವಿಡ್ ಬಟ್ಟೆಗೆ ಹಾಕುವುದರ ಅರ್ಧದಷ್ಟು ಸಾಕು. ಎಕ್ಸ್‌ಟ್ರಾ ರಿನ್ಸ್ ಗುಂಡಿ ಇದ್ದರೆ ಒತ್ತಿ. ಲಿಕ್ವಿಡ್ ಬದಲು ಬಟ್ಟೆ ಒಗೆಯುವ ಪುಡಿ ಬೇಡ ಎನ್ನಲು ಕಾರಣ, ಗಡಸು ನೀರಿನಲ್ಲಿ ಅದು ಪೂರ್ತಿ ಕರಗದೆ ಹರಳು ಉಳಿಯಬಹುದು. ಮುಂಬಯಿ ಮಹಾನಗರಪಾಲಿಕೆಯ ನೀರು ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳಲ್ಲಿ ನಿಂತ ಮಳೆನೀರು, ಮೆದುವಾಗಿರುತ್ತದೆ. ಟ್ಯಾಂಕರ್, ಬೋರ್‌ವೆಲ್ ನೀರು ಬರುವ ಬಿಲ್ಡಿಂಗ್‌ಗಳಲ್ಲಿ ಹಾಗಲ್ಲ. ಅಲ್ಲಿ ಟವೆಲ್ ಬಿರುಸಾಗುತ್ತ ಬಂದರೆ ಕೊನೆಯ ಜಾಲಿಸುವ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ, ಕೂತ ಸುಣ್ಣ ಕರಗುತ್ತದೆ.

ಇನ್ನು ಹಾಕಲೇಬಾರದ್ದು. ಕಂಫರ್ಟ್ ಮುಂತಾದ ಫ್ಯಾಬ್ರಿಕ್ ಕಂಡೀಷನರ್ ಬಟ್ಟೆ ಮೆತ್ತಗಾಗಲೆಂದು ಎಳೆಯ ಮೇಲೆ ಜಿಡ್ಡಿನ ಪದರ ಕೂರಿಸುತ್ತದೆ. ನೀರು ಹಿಡಿಯುವ ಸಂದುಗಳು ಮುಚ್ಚಿಹೋಗುತ್ತವೆ. ಟವೆಲ್ ಕೈಗೆ ರೇಷ್ಮೆಯಂತಿರುತ್ತದೆ, ನೀರು ಮಾತ್ರ ಹೀರುವುದಿಲ್ಲ. "ಹೊಸದರಲ್ಲಿ ಚೆನ್ನಾಗಿತ್ತು, ಈಗ ನೀರು ಎಳೀತಾ ಇಲ್ಲ" ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಇದೇ ಕತೆ. ಎರಡು ಮೂರು ಸಲ ಬೆಚ್ಚಗಿನ ನೀರಿನಲ್ಲಿ ಬರೀ ಲಿಕ್ವಿಡ್ ಹಾಕಿ ಒಗೆದರೆ ಸ್ವಲ್ಪ ಮಟ್ಟಿಗೆ ಜೀವ ಬರುತ್ತದೆ. ಬ್ಲೀಚ್ ಎಳೆಯನ್ನೇ ತಿನ್ನುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿಯುವುದು, ಸೋಪಿನ ಬಿಲ್ಲೆ ತಿಕ್ಕುವುದು ಕೂಡ ಬೇಡ.

ಮಶೀನ್ ಇಲ್ಲದವರು ಬೇಸರ ಪಡಬೇಕಾಗಿಲ್ಲ. ಬಚ್ಚಲಲ್ಲಿ ಬಾಲ್ದಿ ಇಟ್ಟು ಅದ್ದಿ, ಒತ್ತಿ, ನೀರು ಬದಲಿಸುತ್ತ ನೊರೆ ಹೋಗುವ ತನಕ ಜಾಲಿಸಿದರೆ ಸಾಕು. ನಾಲ್ಕು ಟವೆಲ್ ಮಾತ್ರ ಇದ್ದರೆ ಮಶೀನಿಗಿಂತ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹಿಂಡುವಾಗ ಹಗ್ಗ ಹೊಸೆದಂತೆ ತಿರುಚಬೇಡಿ, ಮಡಿಸಿ ಒತ್ತಿ.

ಹಂತ 7: ಒಣಗಿಸುವುದು

ನೆರಳಲ್ಲಿ, ಗಾಳಿಯಲ್ಲಿ. ರಸ್ತೆ ಕಡೆಯ ಬಾಲ್ಕನಿಯಲ್ಲಿ ಹಾಕಿದರೆ ಸಂಜೆಗೆ ಧೂಳು ಹಿಡಿಯುತ್ತದೆ, ಒಳಗಿನ ಕಡೆ ಹಾಕಿ. ಪಾಲಿಯೆಸ್ಟರ್ ಕರಗಲು 250 ಡಿಗ್ರಿ ಬೇಕು ನಿಜ, ಆದರೆ ಇಷ್ಟು ಸಣ್ಣ ಎಳೆಯ ತುದಿ ಅದಕ್ಕೆ ಬಹಳ ಮೊದಲೇ ಬಿರುಸಾಗುತ್ತದೆ. ಡ್ರೈಯರ್ ಇದ್ದರೆ ಅತಿ ಕಡಿಮೆ ಶಾಖ. ಇಸ್ತ್ರಿ ಮುಟ್ಟಿಸಲೇಬೇಡಿ, ಧೋಬಿಗೆ ಕೊಡುವ ಗಂಟಿನಲ್ಲಿ ಸೇರಿ ಹೋಗದಂತೆ ನೋಡಿಕೊಳ್ಳಿ.

ಜುಲೈ ತಿಂಗಳಲ್ಲಿ ಏನು ಮಾಡುವುದು? ಮಶೀನಿನ ಸ್ಪಿನ್ ಎರಡು ಸಲ ಓಡಿಸಿ, ರಾತ್ರಿ ಫ್ಯಾನಿನ ಕೆಳಗೆ ಒಂದರ ಮೇಲೊಂದು ಬೀಳದಂತೆ ಹರಡಿ. ದಪ್ಪ ಟವೆಲನ್ನು ಮಳೆಗಾಲಕ್ಕೆ ಎತ್ತಿಟ್ಟು 400–500 ಜಿಎಸ್‌ಎಂನ ಎರಡನ್ನು ಕಾರು ಒಣಗಿಸಲು ಬಳಸಿದರೂ ನಡೆಯುತ್ತದೆ. ಮುಗ್ಗಲು ವಾಸನೆ ಬಂತೆಂದರೆ ಒಳಗೆ ಹಸಿ ಉಳಿದಿದೆ ಎಂದರ್ಥ, ಸೆಂಟಿನ ಲಿಕ್ವಿಡ್ ಹಾಕಿ ಮುಚ್ಚಬೇಡಿ, ವಿನೆಗರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ಒಗೆಯಿರಿ.

ಹಂತ 8: ಇಡುವುದು

ಪೂರ್ತಿ ಒಣಗಿದ ಮೇಲೆ ಮುಚ್ಚಳದ ಡಬ್ಬದಲ್ಲಿ. ಬಣ್ಣಕ್ಕೆ ಒಂದು, ಗಾಜು ಮತ್ತು ಒಳಭಾಗಕ್ಕೆ ಒಂದು, ಗಾಲಿಗೆ ಒಂದು. ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಹಾಗೇ ತುರುಕಿದ ಟವೆಲ್ ಗಾಲಿಯ ಟವೆಲಿಗೆ ಸಮ.

ಹಂತ 9: ಬೆಳಿಗ್ಗೆ ಬರುವ ಹುಡುಗ

ಮುಂಬಯಿಯ ಸೊಸೈಟಿಗಳಲ್ಲಿ ಕಾರು ಒರೆಸಲು ಬರುವವನ ವಿಷಯ ಬಿಟ್ಟರೆ ಮೇಲಿನದೆಲ್ಲ ನೀರಲ್ಲಿ ಹೋಮ. ಬೆಳಕು ಹರಿಯುವ ಮೊದಲೇ ಬಾಲ್ದಿ ಹಿಡಿದು ಬರುವವನು ಅದೇ ನೀರು, ಅದೇ ಬಟ್ಟೆಯಲ್ಲಿ ಸಾಲು ಕಾರುಗಳನ್ನು ಒರೆಸುತ್ತಾನೆ. ತಿಂಗಳಿಗೆ ಅವನಿಗೆ ನಾವು ಕೊಡುವ ದುಡ್ಡು, ಸೊಸೈಟಿ ಕೊಡುವ ನೀರು ನೋಡಿದರೆ ತಪ್ಪು ಅವನದೆಂದು ಹೇಳಲಾಗದು.

ಅವನನ್ನು ಬಿಡಿಸುವ ಬದಲು ಒಪ್ಪಂದ ಬದಲಿಸಿ. ದಿನಾ ಗಾಜು, ಕನ್ನಡಿ, ಒಳಗಿನ ಮ್ಯಾಟ್ ಮಾತ್ರ; ಕಾರಿನ ಮೈಯನ್ನು ವಾರಕ್ಕೊಮ್ಮೆ, ನಿಮ್ಮ ಟವೆಲಿನಲ್ಲಿ, ನೀರು ಹಾಯಿಸಿದ ಮೇಲೆ. "ಸೂಖಾ ಕಪಡಾ ಮತ್ ಮಾರೋ" (ಒಣ ಬಟ್ಟೆಯಲ್ಲಿ ಒರೆಸಬೇಡ) ಎಂದು ಒಂದೇ ಮಾತು ಹೇಳಿ, ಕಾರಣವನ್ನೂ ಹೇಳಿ. ಗಾಜಿಗೆ ಎರಡು, ಮೈಗೆ ನಾಲ್ಕು ಟವೆಲನ್ನು ಬೇರೆ ಬಣ್ಣದಲ್ಲಿ ಕೊಟ್ಟು, ಒಗೆಯುವ ಕೆಲಸ ನೀವೇ ಇಟ್ಟುಕೊಳ್ಳಿ. ಅವನಿಗೆ ಕೊಟ್ಟದ್ದನ್ನು ನಿಮ್ಮ ಪಾಲಿಶ್ ಟವೆಲಿನ ಡಬ್ಬಕ್ಕೆ ಮತ್ತೆ ಸೇರಿಸಬೇಡಿ, ಯಾವ ಕಾರಿನ ಮೇಲೆ ಓಡಾಡಿ ಬಂದಿದೆಯೋ ಗೊತ್ತಿರುವುದಿಲ್ಲ. ಕಾರು ಒರೆಸಲೆಂದೇ ಮಾರುವ ಮೇಣ ಹಚ್ಚಿದ ನೂಲಿನ ಪೊರಕೆಯನ್ನೂ ಕೊಡಬೇಡಿ, ಅದನ್ನು ಯಾರೂ ಒಗೆಯುವುದಿಲ್ಲ.

ಹಂತ 10: ಕೆಳದರ್ಜೆಗೆ ಇಳಿಸುವುದು

ಪ್ರತಿ ಒಗೆತದ ಮೇಲೂ ಕಾರಿನ ಬಣ್ಣಕ್ಕೆ ಬಳಸುವ ಟವೆಲನ್ನು ಬೆಳಕಿಗೆ ಹಿಡಿದು, ಕೆನ್ನೆಗೆ ಒಮ್ಮೆ ಉಜ್ಜಿ ನೋಡಿ. ಚುಚ್ಚಿದರೆ, ನೂಲು ಗಂಟುಗಂಟಾಗಿ ಅಂಟಿಕೊಂಡಿದ್ದರೆ, ಕಡ್ಡಿಯೋ ಲೋಹದ ಚೂರೋ ಸಿಕ್ಕಿಕೊಂಡಿದ್ದರೆ ಬಾನೆಟ್ ಕೆಲಸದಿಂದ ತೆಗೆದುಬಿಡಿ. ಮೊದಲು ಡ್ಯಾಶ್‌ಬೋರ್ಡ್‌ಗೆ, ಆಮೇಲೆ ಬಾಗಿಲ ಸಂದಿಗೆ, ಆಮೇಲೆ ಗಾಲಿಗೆ. ಈ ದಾರಿಯಲ್ಲಿ ಕೆಳಗೆ ಇಳಿಯಬಹುದು, ಮೇಲೆ ಹತ್ತುವಂತಿಲ್ಲ. ಇಳಿಸಿದ ಟವೆಲಿನ ಒಂದು ಮೂಲೆ ಕತ್ತರಿಸಿ ಗುರುತು ಮಾಡಿ, ಒಗೆದು ಬಂದ ರಾಶಿಯಲ್ಲಿ ಯಾರಿಗಾದರೂ ಗೊತ್ತಾಗುತ್ತದೆ.

ಬಣ್ಣದ ರಕ್ಷಣೆಗೆ ಹಚ್ಚುವ ಸೆರಾಮಿಕ್ ಕೋಟಿಂಗ್ ಒರೆಸಿದ ಟವೆಲಿಗೆ ಮಾತ್ರ ಈ ಸಾಲಿನಲ್ಲಿ ಜಾಗವಿಲ್ಲ. ಆ ದ್ರವ ಎಳೆಯೊಳಗೇ ಗಾಜಿನಂತೆ ಗಟ್ಟಿಯಾಗುತ್ತದೆ, ಒಗೆದರೆ ಹೋಗುವುದಿಲ್ಲ. ಆ ಕೆಲಸಕ್ಕೆ ಅಗ್ಗದ್ದನ್ನೇ ಬಳಸಿ, ಮುಗಿದ ದಿನವೇ ಒಣ ಕಸಕ್ಕೆ ಹಾಕಿ. ಗಾಲಿಯಲ್ಲೂ ಸವೆದು ಮುಗಿದದ್ದನ್ನು ಬೈಕಿನ ಚೈನಿನ ಎಣ್ಣೆ ಒರೆಸಲು ಇಟ್ಟುಕೊಳ್ಳಬಹುದು.